ಎರಡು ತಾಸಿಗೊಮ್ಮೆ

ಉಚ್ಚಂಗೆಮ್ಮ ತಂಗಿಯ ಮುಖ ನೋಡುವುದಕ್ಕೆ ಮೊದಲು ಹಿಮ್ಮಡಿ ನೋಡುತ್ತಿದ್ದಳು.

ಹೊಸಪೇಟೆಯ ಕೊಟ್ರಬಸಮ್ಮ ಸ್ಮಾರಕ ನರ್ಸಿಂಗ್ ಹೋಮಿನಲ್ಲಿ ನೋಡಲು ಬರುವವರನ್ನು ಒಳಗೆ ಬಿಡುತ್ತಿದ್ದುದು ಸಾಯಂಕಾಲ ನಾಲ್ಕರಿಂದ ಐದರವರೆಗೆ. ಹಾಸಿಗೆ ಹಿಡಿದವರನ್ನೇ ಇಟ್ಟುಕೊಂಡು ನೋಡಿಕೊಳ್ಳುವ ಜಾಗ ಅದು. ಒಟ್ಟು ಇಪ್ಪತ್ತಾರು ಮಂಚ. ಬೇರೆ ಮನೆಯವರು ಬಂದರೆ ತಲೆಯ ಹತ್ತಿರ ಕುಳಿತು ಹೆಸರು ಹಿಡಿದು ಕರೆಯುತ್ತಿದ್ದರು, ಮೂಸಂಬಿ ಸುಲಿದು ಬಾಯಿಗಿಡುತ್ತಿದ್ದರು, ಗೋಡೆಯ ಗಡಿಯಾರ ನೋಡಿ ಏಳುತ್ತಿದ್ದರು. ಉಚ್ಚಂಗೆಮ್ಮ ಹೊದಿಕೆಯನ್ನು ಕಾಲ ಕಡೆಯಿಂದ ಎತ್ತುತ್ತಿದ್ದಳು. ಹಿಮ್ಮಡಿ ಒತ್ತಿ ನೋಡಿ, ಉಗುರು ನೋಡಿ, ನಾಲಿಗೆ ಒಣಗಿದೆಯೇ ಎಂದು ನೋಡಿ, ಆಮೇಲೆ ಬಗ್ಗಿ ಮೂಸುತ್ತಿದ್ದಳು. ಅದೆಲ್ಲ ಮುಗಿದ ಮೇಲೆಯೇ "ಏನ ತಿಪ್ಪಿ, ಉಂಡೇನು?" ಎನ್ನುತ್ತಿದ್ದಳು.

ಏಳು ತಿಂಗಳ ಹಿಂದೆ ಕಮಲಾಪುರದ ಬಾಳೆ ತೋಟದಲ್ಲಿ ಗೊನೆ ಹೊರುತ್ತಿದ್ದಾಗಲೇ ತಿಪ್ಪಕ್ಕನಿಗೆ ಲಕ್ವಾ ಹೊಡೆದಿತ್ತು. ಬಲಭಾಗ ಪೂರ್ತಿ ಬಿದ್ದುಹೋಗಿ ಮಾತೂ ನಿಂತಿತ್ತು. ನೋವಾದರೆ ಹೇಳುವ ಬಾಯಿ ಅವಳಿಗಿರಲಿಲ್ಲ. ಹೇಳದೆಯೇ ತಿಳಿದುಕೊಳ್ಳಬೇಕಿತ್ತು, ಅದು ಉಚ್ಚಂಗೆಮ್ಮನಿಗೆ ಬರುತ್ತಿತ್ತು. ಇದೇ ನರ್ಸಿಂಗ್ ಹೋಮಿನಲ್ಲಿ ಅವಳು ಹನ್ನೊಂದು ವರ್ಷ ರಾತ್ರಿ ಪಾಳಿಯ ಆಯಾ ಆಗಿದ್ದಳು. ಅವಳ ಕೈಯ ನೀರು ಕುಡಿಯಲೊಲ್ಲದ ಮುದುಕಿಯರ ಮಲವನ್ನೂ ಅದೇ ಕೈಯಿಂದ ಬಳಿದಿದ್ದಳು. ಎರಡು ವರ್ಷದ ಹಿಂದೆ ಒದ್ದೆ ನೆಲದಲ್ಲಿ ಜಾರಿ ಬಿದ್ದು ಬಲ ಮಣಿಕಟ್ಟು ಮುರಿಯಿತು. ಪ್ಲೇಟ್ ಹಾಕಿ ಜೋಡಿಸಿದರು, ಇನ್ನು ಭಾರ ಎತ್ತುವ ಕೈಯಲ್ಲವೆಂದು ಕೆಲಸದಿಂದ ಬಿಡಿಸಿದರು. ಈಗ ಕಡ್ಡಿರಾಂಪುರದ ರಸ್ತೆ ಬದಿಯ ಖಾನಾವಳಿಯೊಂದರಲ್ಲಿ ಎಡಗೈಯಲ್ಲೇ ಈರುಳ್ಳಿ ಹೆಚ್ಚುತ್ತಿದ್ದಳು.

ಗಂಡ ಸತ್ತ ಅಕ್ಕ, ಮದುವೆಯೇ ಆಗದ ತಂಗಿ. ಕಡ್ಡಿರಾಂಪುರದ ಒಂದೇ ಕೋಣೆಯ ಮನೆಯಲ್ಲಿ ಇಬ್ಬರೂ ಇಪ್ಪತ್ತು ವರ್ಷ ಕೂಡಿ ಬಾಳಿದ್ದರು. ಅಕ್ಕ ಪಾಳಿ ಮುಗಿಸಿ ಬರುವಷ್ಟರಲ್ಲಿ ತಂಗಿ ನೀರು ಕಾಯಿಸಿಟ್ಟು, ರೊಟ್ಟಿ ಬಡಿದಿಟ್ಟು, ಅವಳು ನಿದ್ದೆ ಮಾಡಲೆಂದು ಬಾಗಿಲು ಮುಂದಕ್ಕೆಳೆದುಕೊಂಡು ತೋಟಕ್ಕೆ ಹೋಗುತ್ತಿದ್ದಳು. ಅಂಥವಳು ಮಲಗಿದಾಗ ಮುರಿದ ಕೈಯಿಂದ ಹೊರಳಿಸಲಾಗದೆ, ಬೇರೆ ದಾರಿ ಕಾಣದೆ, ಉಚ್ಚಂಗೆಮ್ಮ ಅವಳನ್ನು ತಾನು ಬಲ್ಲ ಜಾಗಕ್ಕೇ ತಂದು ಮಲಗಿಸಿದ್ದಳು. ಹಳೆಯ ಸಿಬ್ಬಂದಿಯೆಂದು ಅವರೂ ಕಡಿಮೆಗೆ ಒಪ್ಪಿಕೊಂಡಿದ್ದರು.

ಏಪ್ರಿಲ್ ತಿಂಗಳ ಒಂದು ಸೋಮವಾರ ಅವಳು ಬಂದಾಗ ನೀರಿನ ಲೋಟ ಮಂಚದ ಬಲಗಡೆ ಸ್ಟೂಲಿನ ಮೇಲಿತ್ತು. ಬಲಗೈ ಬಿದ್ದವಳಿಗೆ ಬಲಗಡೆ ನೀರು. ಅದನ್ನು ಎಡಕ್ಕಿಟ್ಟು, ತಂಗಿಯ ಸೊಂಟಕ್ಕೆ ಮೊಣಕಾಲು ಆನಿಸಿ, ಎಡಗೈಯಿಂದ ಭುಜ ಹಿಡಿದು ಹೊರಳಿಸಿದಳು. ಬೆನ್ನ ತುದಿಯ ಎಲುಬಿನ ಮೇಲೆ ರೂಪಾಯಿ ಅಗಲದ ಕೆಂಪು ಇತ್ತು. ಬೆರಳಿನಿಂದ ಒತ್ತಿ ಬಿಟ್ಟಳು. ಬೆರಳೆತ್ತಿದಾಗ ಆ ಜಾಗ ಒಂದು ಕ್ಷಣ ಬೆಳ್ಳಗಾಗಿ ಮತ್ತೆ ಕೆಂಪಾಗಬೇಕು. ಬೆಳ್ಳಗಾಗಲೇ ಇಲ್ಲ. ಅಂದರೆ ಒಳಗೆ ರಕ್ತ ನಿಂತಿದೆ, ಮಾಂಸ ಸಾಯತೊಡಗಿದೆ.

ಮಂಚದ ಕಾಲ ಕಡೆ ಚಾರ್ಟ್ ತೂಗುಹಾಕಿತ್ತು. ರೋಗಿಯನ್ನು ಎರಡು ತಾಸಿಗೊಮ್ಮೆ ಹೊರಳಿಸಬೇಕು; ಎಡ, ಅಂಗಾತ, ಬಲ ಎಂದು ಹೊರಳಿಸಿದಾಗಲೆಲ್ಲ ಟಿಕ್ ಹಾಕಬೇಕು. ಒಂದು ಟಿಕ್ಕೂ ತಪ್ಪಿರಲಿಲ್ಲ. ಎಲ್ಲ ಒಂದೇ ನೀಲಿ ಶಾಯಿ, ಒಂದೇ ಓರೆ, ಕೈ ಎತ್ತದೆ ಹಾಕಿದಂತೆ ಒಂದರ ಹಿಂದೊಂದು. ಅವು ರಾತ್ರಿಯ ಟಿಕ್ಕುಗಳಲ್ಲ, ಬೆಳಿಗ್ಗೆ ಆರಕ್ಕೆ ಡ್ಯೂಟಿ ಬಿಡುವ ಮುಂಚೆ ಕುಳಿತು ಒಟ್ಟಿಗೇ ಹಾಕಿದವು ಎಂದು ಓದಿದವರಿಗೆ ತಿಳಿಯದಿರಬಹುದು, ಉಚ್ಚಂಗೆಮ್ಮನಿಗೆ ತಿಳಿಯಿತು. ಅವಳೂ ಹಾಗೆಯೇ ಹಾಕುತ್ತಿದ್ದಳು.

ಅವಳು ಹೊರಡುವ ಹೊತ್ತಿಗೆ ರಾತ್ರಿ ಪಾಳಿಯ ಆಯಾ ಅನುಸೂಯಾ ಬಂದಳು. ಮೂವತ್ತು ದಾಟದ ಹುಡುಗಿ. ಕೆಲಸಕ್ಕೆ ಸೇರಿದಾಗ ಉಚ್ಚಂಗೆಮ್ಮನೇ ಪಳಗಿಸಿದವಳು.

"ಅನಸೂಯಿ, ತಿಪ್ಪಿನ್ನ ರಾತ್ರಿ ಎಷ್ಟು ಸಲ ಹೊರಳಿಸ್ತೀ?"

ಅನುಸೂಯಾ ಚಾರ್ಟಿನ ಕಡೆ ನೋಡಿದಳು, ಆಮೇಲೆ ನೆಲ ನೋಡಿದಳು. "ಒಂದ ಸಲ. ಆದ್ರ ಎರಡು."

"ಬೆನ್ನು ಕೆಂಪಾಗೈತಿ."

"ನಾನೇನ್ ಮಾಡ್ಲಕ್ಕ? ಇಪ್ಪತ್ತಾರು ಮಂದಿಗೆ ಇಬ್ರು. ಒಬ್ರನ್ನ ಹೊರಳಿಸಬೇಕಂದ್ರ ಇಬ್ರೂ ಬೇಕು. ಈ ತುದಿಯಿಂದ ಆ ತುದಿಗೆ ಹೋಗಿ ಬರೋದ್ರೊಳಗ ಬೆಳಕ ಹರೀತೈತಿ. ಮೊದಲನೇ ದಿನ ನಾನು ಅಳಕೋತ ಕುಂತಾಗ ನೀನ ಹೇಳಿದ್ದಿಲ್ಲೇನು? ಆಗೋದಲ್ಲ ಹೋಗೋದಲ್ಲ, ಬೆಳಿಗ್ಗೆ ಒಮ್ಮೆಗೇ ಟಿಕ್ ಹಾಕಿ ಮನಿಗೆ ನಡಿ ಅಂದಿ."

ಹೌದು, ಅಂದಿದ್ದಳು. ಹುಡುಗಿ ಕೆಲಸ ಬಿಟ್ಟು ಓಡಿಹೋಗಬಾರದೆಂದು, ಸಮಾಧಾನಕ್ಕೆಂದು ಅಂದಿದ್ದಳು. ಉಚ್ಚಂಗೆಮ್ಮ ಅನುಸೂಯಾಳ ಎರಡೂ ಕೈ ಹಿಡಿದು, "ಆಕೀನ್ನೊಬ್ಬಾಕೀನ್ನ ನೋಡವ್ವ" ಎಂದಷ್ಟೇ ಬೇಡಿಕೊಂಡಳು. ಬೇಡುವಾಗಲೇ, ಆ ಒಬ್ಬಳಿಗೆ ಕೊಡುವ ಹೊತ್ತು ಇನ್ನೊಬ್ಬರ ಮಂಚದಿಂದ ಕಿತ್ತದ್ದೆಂದೂ ಅವಳಿಗೆ ಗೊತ್ತಿತ್ತು.

ಮ್ಯಾನೇಜರ್ ಸಿದ್ದಲಿಂಗೇಶ್ ತನ್ನ ಕೋಣೆಯಲ್ಲಿ ಯಾವುದೋ ಪಟ್ಟಿ ಓದುತ್ತಿದ್ದ. ಗುಣಮಟ್ಟದ ಪ್ರಮಾಣಪತ್ರ ಕೊಡುವ ಸಂಸ್ಥೆಯೊಂದರಿಂದ ಶುಕ್ರವಾರ ತಪಾಸಣೆಗೆ ಬರುವವರಿದ್ದರು. ಆ ಪತ್ರ ಸಿಕ್ಕರೆ ವಿಮೆಯ ರೋಗಿಗಳು ಬರುತ್ತಾರೆ, ಮೇಲೆ ಇನ್ನೊಂದು ಮಹಡಿ ಏಳುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು.

"ನಾನ ರಾತ್ರಿಯೆಲ್ಲ ಇಲ್ಲೇ ಇರ್ತೀನ್ರಿ. ಪಗಾರ ಬ್ಯಾಡ, ಊಟ ಬ್ಯಾಡ. ಆಕೀನ್ನ ಹೊರಳಿಸ್ಕೋತ ಕುಂದರ್ತೀನಿ" ಎಂದಳು ಉಚ್ಚಂಗೆಮ್ಮ.

"ಆ ಕೈ ಇಟ್ಕೊಂಡೇನು? ಮತ್ತ ಬಿದ್ರ ನಮ್ಮ ತಲಿಮ್ಯಾಲ ಬರ್ತೈತಿ" ಎಂದ ಸಿದ್ದಲಿಂಗೇಶ್. ಸಿಟ್ಟಿನಿಂದೇನೂ ಅಲ್ಲ. "ನೋಡು ಉಚ್ಚಂಗೆಮ್ಮ, ನೀನು ಹಳೇಕಿ, ನಿನಗ ಎಲ್ಲಾ ಗೊತ್ತೈತಿ. ಈ ಶುಕ್ರವಾರ ಒಂದು ದಾಟ್ಲಿ. ಆಮ್ಯಾಲ ಆಯಾಗಳನ್ನ ಜಾಸ್ತಿ ತಗೊಳ್ಳೋಣಂತ ಸಾವಕಾರ್ರಿಗೆ ನಾನ ಹೇಳ್ತೀನಿ."

ಆ ಮಾತನ್ನು ಅವನು ಅವಳು ಕೆಲಸದಲ್ಲಿದ್ದಾಗಲೂ ವರ್ಷಕ್ಕೊಮ್ಮೆ ಹೇಳುತ್ತಿದ್ದ.

ಮರುದಿನ ಉಚ್ಚಂಗೆಮ್ಮ ಖಾನಾವಳಿಗೆ ರಜೆ ಹಾಕಿ ಸಂಡೂರಿನ ಬಸ್ಸು ಹತ್ತಿದಳು. ಅಲ್ಲಿ ಹೊಸದಾಗಿ ಒಂದು ಆರೈಕೆ ಮನೆ ಶುರುವಾಗಿದೆ, ಕಡಿಮೆ ದುಡ್ಡಿಗೂ ಒಪ್ಪುತ್ತಾರೆ ಎಂದು ಯಾರೋ ಹೇಳಿದ್ದರು. ಅದಿರಿನ ಲಾರಿಗಳ ಹಿಂದೆ ನಿಂತು ನಿಂತು ಬಸ್ಸು ಊರು ಮುಟ್ಟುವಾಗ ಹನ್ನೊಂದು ಗಂಟೆ. ಮನೆ ಚೊಕ್ಕಟವಾಗಿತ್ತು. ನೆಲ ಮಿಂಚುತ್ತಿತ್ತು, ಹಾಸಿಗೆಗಳ ಮೇಲೆ ಒಂದು ಸುಕ್ಕಿರಲಿಲ್ಲ, ಎಲ್ಲೂ ಒಂದು ನರಳಿಕೆಯಿಲ್ಲ. ತೋರಿಸಲು ಬಂದ ಹೆಂಗಸು, "ನೋಡ್ರಿ, ಎಷ್ಟು ಶಾಂತ ಅದಾರ" ಎಂದಳು. ಹದಿಮೂರು ಜನ ಮಲಗಿದ್ದರು. ಹಗಲು ಹನ್ನೊಂದಕ್ಕೆ ಹದಿಮೂರು ಮಂದಿಗೂ ನಿದ್ದೆ. ಉಚ್ಚಂಗೆಮ್ಮ ಒಬ್ಬ ಅಜ್ಜಿಯ ಕೆನ್ನೆ ಮುಟ್ಟಿ ಮೆಲ್ಲಗೆ ಅಲುಗಿಸಿದಳು. ರೆಪ್ಪೆ ಮಿಸುಕಲಿಲ್ಲ, ಬಾಯಿಂದ ಜೊಲ್ಲು ಮಾತ್ರ ಇಳಿಯಿತು. ನಿದ್ದೆ ಮಾತ್ರೆ ಕೊಟ್ಟು ಮಲಗಿಸಿದ ಮುಖವನ್ನು ಅವಳು ಮೊದಲೂ ನೋಡಿದ್ದಳು. ನೀರು ಕೂಡ ಕುಡಿಯದೆ ಅಲ್ಲಿಂದ ಹೊರಬಿದ್ದಳು.

ಬುಧವಾರ ಕಂಪ್ಲಿಗೆ ಹೋದಳು. ನಿವೃತ್ತಳಾದ ನರ್ಸಮ್ಮ ಒಬ್ಬಾಕೆ ತನ್ನ ಮನೆಯ ಹಾಲಿನಲ್ಲೇ ಎಂಟು ಮಂಚ ಹಾಕಿಕೊಂಡಿದ್ದಳು. ಒಳಗೆ ಕಾಲಿಟ್ಟರೆ ಉಚ್ಚೆಯ ವಾಸನೆಯೂ ಇತ್ತು, ಸಾರಿನ ಒಗ್ಗರಣೆಯ ವಾಸನೆಯೂ ಇತ್ತು. ಒಬ್ಬ ಮುದುಕ ಅನ್ನ ಸರಿಯಿಲ್ಲವೆಂದು ಬೈಯುತ್ತಿದ್ದ, ಇನ್ನೊಬ್ಬಳು ಬೈಯುವವನನ್ನು ಬೈಯುತ್ತಿದ್ದಳು. ಉಚ್ಚಂಗೆಮ್ಮ ಕೇಳದೆಯೇ ಒಂದೊಂದು ಮಂಚದ ಹೊದಿಕೆ ಎತ್ತಿ ಹಿಮ್ಮಡಿ ನೋಡಿದಳು. ಎಂಟೂ ಜೊತೆ ಹಿಮ್ಮಡಿ ಮೆತ್ತಗಿದ್ದವು, ಎಣ್ಣೆ ಸವರಿದ್ದರು. ಇಂಥದೊಂದು ಜಾಗ ಇದೆಯಲ್ಲ ಎಂದುಕೊಂಡಳು.

ನರ್ಸಮ್ಮ ಅವಳ ಮಾತೆಲ್ಲ ಕೇಳಿದಳು. "ಒಂಬತ್ತನೇದವರನ್ನ ತಗೊಂಡ್ನೆಂದ್ರ ಈ ಎಂಟು ಮಂದಿ ಕೆಡ್ತಾರವ್ವ. ಜಾಗ ಖಾಲಿ ಆದ್ರ ಫೋನ್ ಮಾಡ್ತೀನಿ. ನಂಬರ್ ಕೊಟ್ಟು ಹೋಗು."

ಜಾಗ ಹೇಗೆ ಖಾಲಿಯಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ನಂಬರ್ ಬರೆಸಿ ಎದ್ದವಳು ಬಾಗಿಲಲ್ಲಿ ನಿಂತು ಹಿಂತಿರುಗಿ ನೋಡಿದಳು. ಕಿಟಕಿಯ ಹತ್ತಿರದ ಮುದುಕನ ಉಸಿರು ಬಾಯಿಂದ ಹೋಗುತ್ತಿತ್ತು, ಕಾಲು ಬಾತಿತ್ತು. ಇವನು ತಿಂಗಳಲ್ಲ, ಹದಿನೈದು ದಿನ ಎಂದು ಅವಳ ಮನಸ್ಸು ಲೆಕ್ಕ ಹಾಕಿತು. ಅಷ್ಟರಲ್ಲಿ ಆ ಮುದುಕ ಕಣ್ಣು ಬಿಟ್ಟು ಅವಳನ್ನೇ ನೋಡಿ, "ಬಾರವ್ವ, ಊಟ ಮಾಡ್ಕೊಂಡು ಹೋಗು" ಎಂದ. ಉಚ್ಚಂಗೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಸ್ ಸ್ಟ್ಯಾಂಡಿಗೆ ಹೆಚ್ಚುಕಡಿಮೆ ಓಡಿದಳು.

ಗುರುವಾರ ಸಾಯಂಕಾಲ ನೋಡಿದಾಗ ಕೆಂಪು ಒಡೆದಿತ್ತು. ಮೇಲಿನ ಚರ್ಮ ಸುಲಿದು ನಡುವೆ ಕಪ್ಪಗಾಗಿತ್ತು. ಬಗ್ಗಿ ಮೂಸಿದರೆ ಅವಳು ಹನ್ನೊಂದು ವರ್ಷದ ಪಾಳಿಯಿಂದ ಬಲ್ಲ ವಾಸನೆ. ತಿಪ್ಪಕ್ಕ ಎಡಗೈಯಿಂದ ಅಕ್ಕನ ಸೀರೆಯ ನೆರಿಗೆ ಹಿಡಿದುಕೊಂಡು ಐದು ಗಂಟೆಯಾದರೂ ಬಿಡಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಬರಬೇಕಾಯಿತು.

ಶುಕ್ರವಾರ ಅವಳು ನಾಲ್ಕರವರೆಗೆ ಕಾಯಲಿಲ್ಲ. ಬೆಳಿಗ್ಗೆ ಹತ್ತಕ್ಕೇ ಬಂದಳು. ನರ್ಸಿಂಗ್ ಹೋಮಿನ ಬಾಗಿಲಿಗೆ ಮಾವಿನೆಲೆ ಕಟ್ಟಿದ್ದರು, ಹೊಸ ಹಾಸಿಗೆ ಬಟ್ಟೆಗಳು, ಎಂದೂ ಕಾಣದ ನಾಲ್ಕೈದು ಆಯಾಗಳು ಗುಲಾಬಿ ಕೋಟು ಹಾಕಿಕೊಂಡು ಓಡಾಡುತ್ತಿದ್ದರು. ಗದ್ದಲದಲ್ಲಿ ಅವಳನ್ನು ಯಾರೂ ತಡೆಯಲಿಲ್ಲ. ತಂಗಿಯ ಹದಿನೇಳನೇ ಮಂಚದ ಮುಂದೆ ಬಂದು ನಿಂತಳು.

ಮಂಚ ಖಾಲಿಯಾಗಿತ್ತು. ಹಾಸಿಗೆ ಬಟ್ಟೆ ಬಿಗಿಯಾಗಿ ಎಳೆದಿತ್ತು, ಚಾರ್ಟ್ ಇರಲಿಲ್ಲ.

ಅವಳಿಗೆ ಒಂದೇ ವಿಚಾರ ಬಂದದ್ದು. ರಾತ್ರಿ ಪಾಳಿ ಮುಗಿದ ಮೇಲೂ ತಪಾಸಣೆಗೆಂದು ಉಳಿಸಿಕೊಂಡು ಬಟ್ಟೆ ಮಡಿಚಲು ಹಚ್ಚಿದ್ದ ಅನುಸೂಯಾಳನ್ನು ಕಂಡು, ಖಾಲಿ ಮಂಚದ ಕಡೆ ಕೈ ತೋರಿಸಿದಳು. ಅನುಸೂಯಾ ಓಡಿಬಂದು ಅವಳನ್ನು ಬಚ್ಚಲ ಕಡೆಗೆ ಎಳೆದುಕೊಂಡಳು.

"ಅದಾಳ, ಅದಾಳ, ಏನಾಗಿಲ್ಲ. ಹುಣ್ಣು ಇದ್ದೋರನ್ನ ಮೂರು ಮಂದೀನ್ನ ಆಂಬುಲೆನ್ಸಿನ್ಯಾಗ ಹಾಕಿ ಕಳಿಸ್ಯಾರ. ಬಂದೋರು ಕೇಳಿದ್ರ ಸ್ಕ್ಯಾನಿಂಗಿಗೆ ಹೋಗ್ಯಾರ ಅನ್ನಬೇಕಂತ. ಐದಕ್ಕ ವಾಪಸ್ ತರ್ತಾರ."

"ಎಲ್ಲಿಗೆ ಒಯ್ದಾರ?"

"ಅನಂತಶಯನಗುಡಿ ದಾಟಿ, ಕಾಲುವಿ ದಂಡಿಮ್ಯಾಲ ಮರದ ನೆಳ್ಳಿಗೆ ನಿಂದ್ರಸ್ತೀನಿ ಅಂತಿದ್ದ ಪಕೀರಪ್ಪ. ಯಕ್ಕ, ನಾ ಹೇಳಿದೆ ಅಂತ ಹೇಳಬ್ಯಾಡ ನಿನ್ನ ಕಾಲಿಗೆ ಬೀಳ್ತೀನಿ."

ಆಟೋ ಹಿಡಿದು ಹೋದಳು. ಮರದ ನೆರಳು ಎಂದೋ ಸರಿದುಹೋಗಿ ಗಾಡಿಯ ಮೇಲೆ ಬಿಸಿಲು ಬಿದ್ದಿತ್ತು. ಡ್ರೈವರ್ ಪಕೀರಪ್ಪ ದೂರದಲ್ಲಿ ಕಾಲುವೆಯ ಕಟ್ಟೆಯ ಮೇಲೆ ಟವೆಲ್ ಹಾಸಿ ಕುಳಿತಿದ್ದ. ಉಚ್ಚಂಗೆಮ್ಮ ಹಿಂಬಾಗಿಲು ಜಗ್ಗಿದಳು. ಒಳಗಿನ ಬಿಸಿಯೂ ನಾತವೂ ಒಟ್ಟಿಗೇ ಮುಖಕ್ಕೆ ಹೊಡೆದವು. ಸ್ಟ್ರೆಚರಿನ ಮೇಲೆ ಒಬ್ಬ ಅಜ್ಜಿ, ಪಕ್ಕದ ಬೆಂಚಿನ ಮೇಲೆ ಪಟ್ಟಿ ಕಟ್ಟಿ ಮಲಗಿಸಿದ್ದ, ಹಿಂದೆ ರೈಲ್ವೆ ನೌಕರನಾಗಿದ್ದ ಮುದುಕ. ಇವರಿಬ್ಬರ ನಡುವೆ ನೆಲದ ಮೇಲೆ, ಮಡಚಿದ ಜಮಖಾನದ ಮೇಲೆ, ಅಂಗಾತ, ಹುಣ್ಣಿನ ಮೇಲೆಯೇ ಮೈಯ ಭಾರವೆಲ್ಲ ಬಿಟ್ಟು ತಿಪ್ಪಕ್ಕ. ಅವಳ ಕಣ್ಣು ತೆರೆದಿದ್ದವು. ಬಾಯಿಯ ಅಂಚು ಬಿಳಿಗಟ್ಟಿತ್ತು.

"ನೀರು" ಎಂದ ರೈಲ್ವೆ ಮುದುಕ. "ಏ ಪಕೀರಾ, ನೀರು ಕೊಡೋ ತಮ್ಮಾ." ಎಷ್ಟು ಹೊತ್ತಿನಿಂದ ಕೇಳುತ್ತಿದ್ದನೋ, ಕೇಳುವ ದನಿಯಲ್ಲಿ ಆಸೆಯೇ ಉಳಿದಿರಲಿಲ್ಲ.

ಉಚ್ಚಂಗೆಮ್ಮ ತನ್ನ ಚೀಲದ ಬಾಟಲಿಯಿಂದ ಮೂವರ ಬಾಯಿಗೂ ನೀರು ಹನಿಸಿದಳು. ತಂಗಿಯನ್ನು ಪಕ್ಕಕ್ಕೆ ಹೊರಳಿಸಿ ಬೆನ್ನಿಗೆ ತನ್ನ ಮೊಣಕಾಲು ಕೊಟ್ಟು ಕುಳಿತು ಪಕೀರಪ್ಪನನ್ನು ಕೂಗಿದಳು. "ಗಾಡಿ ತಿರುಗಿಸು. ಹೊಸಪ್ಯಾಟಿಗೆ ನಡಿ."

"ಹಂಗ ಬರಾಕ ಬರಂಗಿಲ್ಲಬೇ. ಐದಕ್ಕ ಬಾ ಅಂದಾರ. ನನ್ನ ಕೆಲಸ ಹೋಕ್ಕೈತಿ."

"ನೀನು ಅಷ್ಟು ದೂರ ಯಾಕ ಕುಂತಿದ್ದಿ? ನಾತಕ್ಕಲ್ಲೇನು? ಐದರೊಳಗ ಈ ಮೂವರೊಳಗ ಒಬ್ರು ಹೋದ್ರ ಗಾಡಿ ನಡಸಿದಾಂವ ನೀನು, ಬಾಗಲಾ ಹಾಕಿದಾಂವ ನೀನು. ಆವತ್ತು ಸಿದ್ದಲಿಂಗೇಶಪ್ಪ ಬಂದು, ನಾನ ಕಳಿಸಿದ್ದೆ ಅಂತ ಪೊಲೀಸರ ಮುಂದ ಹೇಳ್ತಾನೇನು?"

ಪಕೀರಪ್ಪ ಗಾಡಿಯ ಬಾಗಿಲು ಹಿಡಿದು ಒಳಗೆ ನೋಡಿದ. ಮುದುಕ ಮತ್ತೆ ಅವನ ಹೆಸರು ಹಿಡಿದು ಕರೆದ. ಪಕೀರಪ್ಪ ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಮುಂದೆ ಹೋಗಿ ಗಾಡಿ ಶುರುಮಾಡಿದ.

ನರ್ಸಿಂಗ್ ಹೋಮಿನ ಅಂಗಳದಲ್ಲಿ ಅಷ್ಟೊತ್ತಿಗೆ ತಪಾಸಣೆಯವರು ಕಾಫಿಗೆ ಕುಳಿತಿದ್ದರು. ಬಂದಿದ್ದವಳು ಹೇಮಾ ಎಂಬ ಮೂವತ್ತೈದರ ಹೆಂಗಸು, ಜೊತೆಗೊಬ್ಬ ಬರೆದುಕೊಳ್ಳುವವನು. ಎದುರಿಗೆ ಮಾಲೀಕ ಅಂದಾನಪ್ಪ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇದ್ದ ಸಾವಕಾರ; ತಾಯಿ ಕೊಟ್ರಬಸಮ್ಮ ಹಾಸಿಗೆ ಹಿಡಿದಾಗ ಆಕೆಗೆಂದೇ ಈ ನರ್ಸಿಂಗ್ ಹೋಮ್ ಕಟ್ಟಿಸಿದ್ದ, ಆಕೆ ಇಲ್ಲೇ ಮೂರು ವರ್ಷ ಮಲಗಿ ತೀರಿಕೊಂಡ ಮೇಲೆ ಅದಕ್ಕೆ ಆಕೆಯ ಹೆಸರನ್ನೇ ಇಟ್ಟಿದ್ದ. ಆಂಬುಲೆನ್ಸ್ ಒಳಗೆ ಬಂದದ್ದು ನೋಡಿ ಸಿದ್ದಲಿಂಗೇಶ್ ಎದ್ದು ಓಡಿ ಬಂದ.

"ಏನಿದು? ಯಾರು ಹೇಳಿದ್ರು ಬಾ ಅಂತ?"

"ಯಾರೂ ಹೇಳಿಲ್ಲ" ಎಂದಳು ಉಚ್ಚಂಗೆಮ್ಮ ಗಾಡಿಯ ಒಳಗಿನಿಂದಲೇ. ತಂಗಿಯ ಬೆನ್ನಿನಿಂದ ಮೊಣಕಾಲು ತೆಗೆಯುವಂತಿರಲಿಲ್ಲ. "ಮೇಡಮ್ಮಾರ, ಇಲ್ಲಿ ಬರ್ರಿ. ಇವರೂ ಇದ ಮನಿಯೋರು. ಇವರನ್ನೂ ನೋಡ್ರಿ."

ಹೇಮಾ ಬಂದಳು. ಗಾಡಿ ಹತ್ತಿ, ಮೂಗು ಮುಚ್ಚಿಕೊಳ್ಳದೆ, ತಿಪ್ಪಕ್ಕನ ಬೆನ್ನು ನೋಡಿದಳು. ಉಳಿದಿಬ್ಬರ ಬೆನ್ನೂ ನೋಡಿದಳು. ಕೆಳಗಿಳಿದು ಸಿದ್ದಲಿಂಗೇಶನಿಗೆ, "ಈ ಮೂವರ ಚಾರ್ಟ್ ತರಿಸಿ" ಎಂದಳು. ಚಾರ್ಟ್ ಬಂತು. ಅವಳು ಅವನ್ನು ತಿರುವಿ ಹಾಕುತ್ತಾ, "ಇದರ ಪ್ರಕಾರ ಎರಡು ಗಂಟೆಗೊಮ್ಮೆ ತಪ್ಪದೆ ಹೊರಳಿಸಿದ್ದಾರೆ" ಎಂದಳು.

"ಸುಳ್ಳು ಅದು."

"ನಿಮಗೆ ಹೇಗೆ ಗೊತ್ತು ಅಮ್ಮ?"

ಉಚ್ಚಂಗೆಮ್ಮನ ಕಣ್ಣಿಗೆ ಬಾಗಿಲ ಹತ್ತಿರ ನಿಂತಿದ್ದ ಅನುಸೂಯಾ ಕಂಡಳು. ಹುಡುಗಿ ಎರಡೂ ಕೈ ಎದೆಗೆ ಒತ್ತಿಕೊಂಡಿದ್ದಳು. "ಹನ್ನೊಂದು ವರ್ಷ ಅದನ್ನ ನಾನ ಬರದೀನ್ರಿ" ಎಂದಳು ಉಚ್ಚಂಗೆಮ್ಮ. "ಬೆಳಿಗ್ಗೆ ಕುಂತು ಒಮ್ಮೆಗೇ ಟಿಕ್ ಹಾಕೋದು. ಈಗಿನೋರಿಗೆ ಕಲಿಸಿದಾಕೀನೂ ನಾನ. ಬಂಡ್ರಿ ಅಂಜಿನಯ್ಯ ಮಾಸ್ತರ ಅಂತಿದ್ರು, ಹಳೇ ಕಾಗದ ಇದ್ರ ತಗದು ನೋಡ್ರಿ. ಅವರು ಬೆನ್ನು ಕೊಳತು ಸತ್ರು. ಸಾಯೋ ದಿನದ ತನಕಾನೂ ಟಿಕ್ ಐತಿ. ಅದು ನನ್ನ ಕೈದು."

ಬರೆದುಕೊಳ್ಳುವವನು ಹೇಮಾಳ ಮುಖ ನೋಡಿ, ಮತ್ತೆ ಬರೆಯತೊಡಗಿದ. ಅಷ್ಟರಲ್ಲಿ ಅಂದಾನಪ್ಪ ಕೋಲೂರುತ್ತಾ ಗಾಡಿಯ ಬಾಗಿಲಿಗೆ ಬಂದು ನಿಂತ.

"ನಮ್ಮವ್ವನೂ ಇಲ್ಲೇ ಮಲಗಿದ್ದಳು. ನೀನ ಇದ್ದಿ ರಾತ್ರಿ." ಅವನು ಬಗ್ಗಿ ತಿಪ್ಪಕ್ಕನ ಬೆನ್ನು ನೋಡಿದ. "ಆಕಿಗೂ ಹಂಗ ಮಾಡಿದ್ರೇನು?"

"ಇಲ್ರಿ ಸಾವಕಾರ್ರ. ಅಮ್ಮಾರನ್ನ ಎರಡು ತಾಸಿಗೊಮ್ಮೆ ತಪ್ಪದಂಗ ಹೊರಳಿಸಿದ್ವಿ. ಎಣ್ಣಿ ಹಚ್ಚಿದ್ವಿ. ಮೂರು ವರ್ಷ ಆಕಿ ಮೈಮ್ಯಾಲ ಒಂದು ಗುಳ್ಳಿ ಎದ್ದಿಲ್ಲ." ಅವಳು ತಂಗಿಯ ಬೆನ್ನಿಗೆ ಕೊಟ್ಟ ಮೊಣಕಾಲು ಸರಿಮಾಡಿಕೊಂಡಳು. "ಇಬ್ರ ಇದ್ವಿ. ಅಮ್ಮಾರನ್ನ ನೋಡೋದ್ರಾಗ ಉಳಿದೋರಿಗೆ ಹೊತ್ತು ಸಿಗಲಿಲ್ಲ."

ಅಂದಾನಪ್ಪ ಕೋಲೂರುತ್ತಾ ಹೋಗಿ ತನ್ನ ಕಾರಿನಲ್ಲಿ ಕುಳಿತು ಹೊರಟುಹೋದ.

ಹೇಮಾಳೇ ನಿಂತು ಮೂವರನ್ನೂ ಸರ್ಕಾರಿ ಆಸ್ಪತ್ರೆಗೆ ಸೇರಿಸಿದಳು. ತಿಪ್ಪಕ್ಕನ ಹುಣ್ಣು ಮೇಲೆ ಕಾಣುವುದಕ್ಕಿಂತ ಒಳಗೆ ದೊಡ್ಡದಿತ್ತು. ಡಾಕ್ಟರು ಸತ್ತ ಮಾಂಸ ಕತ್ತರಿಸಿ ತೆಗೆದಾಗ ಮುಷ್ಟಿ ಹಿಡಿಸುವಷ್ಟು ಗುಂಡಿಯಾಯಿತು. ಮಾತಿಲ್ಲದವಳು ಡ್ರೆಸಿಂಗ್ ಮಾಡುವಾಗ ಗಂಟಲಿನಿಂದ ತೆಗೆಯುತ್ತಿದ್ದ ಸದ್ದಿಗೆ ಇಡೀ ವಾರ್ಡು ಊಟ ಬಿಟ್ಟು ಕೂರುತ್ತಿತ್ತು. ಕಂಪ್ಲಿಯ ನರ್ಸಮ್ಮನಿಂದ ಫೋನ್ ಬರಲಿಲ್ಲ, ಬರಲಿ ಎಂದು ಬಯಸುವ ಧೈರ್ಯವೂ ಉಚ್ಚಂಗೆಮ್ಮನಿಗಿರಲಿಲ್ಲ.

ಹತ್ತನೇ ದಿನ ಅನುಸೂಯಾ ಬಂದಳು. ಮಂಚದ ಹತ್ತಿರ ಬರದೆ ಬಾಗಿಲಲ್ಲೇ ನಿಂತಳು. ಪ್ರಮಾಣಪತ್ರ ಸಿಗಲಿಲ್ಲವಂತೆ. ರಾತ್ರಿಗೆ ನಾಲ್ಕು ಆಯಾ ಇರಬೇಕೆಂದು ಬರೆದು ಹೋದರಂತೆ, ಅಂದಾನಪ್ಪ ಒಪ್ಪಿ ಹೊಸಬರನ್ನು ತೆಗೆದುಕೊಂಡನಂತೆ. ಸಿದ್ದಲಿಂಗೇಶ್ ತನ್ನ ಕುರ್ಚಿಯಲ್ಲೇ ಇದ್ದಾನೆ. ಸುಳ್ಳು ಬರೆದವಳೆಂದು ಅನುಸೂಯಾಳನ್ನು ತೆಗೆದರು.

"ನಾಲ್ಕು ಮಂದಿ ಆಯಾ ಬಂದ್ರಂತ. ಭಾಳ ಚಲೋ ಆತು. ಅದರಾಗ ನಾ ಇಲ್ಲ" ಎಂದಳು. "ಹನ್ನೊಂದು ವರ್ಷದಾಗ ಒಂದ ದಿನಾನೂ ನಿನಗ ಬಾಯಿ ಬರಲಿಲ್ಲ. ನಿನ್ನ ತಂಗಿ ಬೆನ್ನು ಹರದಾಗ ಬಂತು."

"ಅನಸೂಯಿ, ಅವತ್ತ ಸಾವಕಾರ್ರಿಗೆ ಫೋನ್ ಮಾಡಿದ್ದೆ. ತಪ್ಪು ನಂದು, ಆಕೀದಲ್ಲ ಅಂತ ಹೇಳೀನಿ. ಈ ಚಾರ್ಟ್ ಬರದಾಕಿ ಆಕೀನ ಅಲ್ಲೇನು ಅಂತ ಫೋನ್ ಇಟ್ಟುಬಿಟ್ರು."

ಅನುಸೂಯಾ ಕೇಳಿಸಿಕೊಂಡಳೋ ಇಲ್ಲವೋ. ತಿಪ್ಪಕ್ಕನ ಕಡೆ ಒಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೋದಳು. ಅವಳ ಹಿಂದೆ ಹೋಗೋಣವೆಂದರೆ ತಂಗಿಯನ್ನು ಹೊರಳಿಸುವ ಹೊತ್ತಾಗಿತ್ತು.

ಮೇ ನಡುವಿನಲ್ಲಿ ಆಸ್ಪತ್ರೆಯಿಂದ ಬಿಟ್ಟರು. ಗಾಯ ತುಂಬಲು ಇನ್ನೂ ಮೂರು ನಾಲ್ಕು ತಿಂಗಳು ಬೇಕು, ಹೊರಳಿಸುವುದೇ ಔಷಧಿ ಎಂದು ಡಾಕ್ಟರು ಹೇಳಿ ಕಳಿಸಿದರು. ಕಡ್ಡಿರಾಂಪುರದ ಕೋಣೆಯಲ್ಲಿ ಬಾಡಿಗೆಯ ಗಾಳಿ ಹಾಸಿಗೆ ಹಾಕಿ ತಿಪ್ಪಕ್ಕನನ್ನು ಮಲಗಿಸಿದ್ದಾಯಿತು. ಉಚ್ಚಂಗೆಮ್ಮ ಖಾನಾವಳಿಯ ಕೆಲಸ ಬಿಟ್ಟಳು, ಅವರೇ ದಿನಕ್ಕೊಂದು ಸಲ ಅನ್ನ ಸಾರು ಕಳಿಸುತ್ತಿದ್ದರು. ಬೆಳಿಗ್ಗೆ ಮತ್ತು ಕತ್ತಲಾದ ಮೇಲೆ ಓಣಿಯ ಹೆಂಗಸರು ಬಂದು ಕೈಕೊಡುತ್ತಿದ್ದರು. ಹಗಲು ಎಲ್ಲರೂ ತೋಟಕ್ಕೆ, ಹೋಂಸ್ಟೇಗಳ ಕೆಲಸಕ್ಕೆ ಹೋಗಿಬಿಟ್ಟರೆ ಓಣಿಯಲ್ಲಿ ನಾಯಿ ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಆಗ ಒಬ್ಬಳೇ ಎಡಗೈ, ಮೊಣಕಾಲು, ತಲೆ ಎಲ್ಲ ಕೊಟ್ಟು ನೂಕುತ್ತಿದ್ದಳು. ಮಣಿಕಟ್ಟು ಬಾತು ಬಳೆ ಏರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹೇಮಾಳ ಫೋನ್ ಬಂತು. "ಅಮ್ಮ, ನಿಮ್ಮ ತಂಗಿ ಹೇಗಿದ್ದಾರೆ? ಮನೆಯಲ್ಲಿ ಆರೈಕೆ ಸರಿಯಾಗಿ ನಡೀತಿದೆಯಾ?"

ಉಚ್ಚಂಗೆಮ್ಮನಿಗೆ ಹೌದೆನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಇಲ್ರಿ" ಎಂದಳು. "ಮೊನ್ನೆ ಕುಂತಲ್ಲೇ ನಿದ್ದಿ ಹತ್ತಿಬಿಡ್ತು. ಎಚ್ಚರಾದಾಗ ನಾಲ್ಕು ತಾಸು ಆಗಿತ್ತು. ನಿನ್ನಿ ಮೂರು. ಎಡಕ್ಕ ಹೊರಳಿಸಾಕ ಬರಾಕತ್ತೈತಿ, ಬಲಕ್ಕ ನನ್ನ ಕೈಲೆ ಆಗವಲ್ದು. ಎಡ ಸೊಂಟದ ಮ್ಯಾಲ ಹೊಸಾದು ಕೆಂಪಾಗೈತಿ. ಒತ್ತಿದ್ರ ಬೆಳ್ಳಗ ಆಕ್ಕೈತಿ, ಇನ್ನೂ ಕೆಟ್ಟಿಲ್ಲ. ಬರ್ಕೊಳ್ರಿ ಮೇಡಮ್ಮಾರ."

"ನಾನು ಬರೆದುಕೊಳ್ಳೋಕೆ ಮಾಡಿದ ಫೋನಲ್ಲ ಅಮ್ಮ" ಎಂದಳು ಹೇಮಾ. ಯಾರನ್ನಾದರೂ ಕಳಿಸಲು ಆಗುತ್ತದೋ ವಿಚಾರಿಸುತ್ತೇನೆ, ಎರಡು ದಿನ ಕೊಡಿ ಎಂದಳು. ಅವಳ ದನಿಯಲ್ಲಿ ಸುಳ್ಳಿರಲಿಲ್ಲ. ಆದರೆ ಎರಡು ದಿನವೆಂದರೆ ಇಪ್ಪತ್ತನಾಲ್ಕು ಸಲ.

ಫೋನಿಟ್ಟು ತಂಗಿಯ ಹತ್ತಿರ ಬಂದಳು. ಈಗ ಬಲಕ್ಕೆ ಹೊರಳಿಸಬೇಕಿತ್ತು. ಮೊಣಕಾಲು ಆನಿಸಿ ನೂಕಿದಳು, ಮಣಿಕಟ್ಟಿನಲ್ಲಿ ಏನೋ ಚಳಕ್ಕೆಂದು ಕಣ್ಣಿಗೆ ಕತ್ತಲೆ ಬಂತು. ತಿಪ್ಪಕ್ಕ ಎಡಗೈಯಿಂದ ಮಂಚದ ಅಂಚು ಹಿಡಿದು ತಾನೂ ಜಗ್ಗಿ ನೋಡಿದಳು. ಆಗಲಿಲ್ಲ. ಅಕ್ಕ ತಂಗಿ ಇಬ್ಬರೂ ಏದುಸಿರು ಬಿಡುತ್ತಾ ಒಬ್ಬರ ಮುಖ ಒಬ್ಬರು ನೋಡಿದರು. ತಿಪ್ಪಕ್ಕನ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು.

"ತಡಿ" ಎಂದು ಉಚ್ಚಂಗೆಮ್ಮ ಹೊರಗೆ ಬಂದಳು. ಓಣಿಯಲ್ಲಿ ಯಾರಿರಲಿಲ್ಲ. ಹಂಪಿಯ ರಸ್ತೆಗೆ ಬಂದು ಬಿಸಿಲಲ್ಲಿ ನಿಂತಳು. ಪ್ರವಾಸಿಗಳ ಎರಡು ಕಾರು ಹೋದವು, ಕೈ ಮಾಡಿದರೆ ನಿಲ್ಲಲಿಲ್ಲ. ಬೈಕಿನವನೊಬ್ಬ ನಿಂತು, ಅವಳ ಮಾತು ಕೇಳಿ, ಟೈಮಿಲ್ಲವೆಂದು ಹೋದ. ಬಹಳ ಹೊತ್ತಿನ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಬಂದಳು. ಈ ಊರಿನವಳಲ್ಲ.

"ಯವ್ವಾ, ಒಂದು ಐದು ನಿಮಿಷ ನಮ್ಮ ಮನಿಯೊಳಗ ಬರ್ತೀಯೇನು? ನನ್ನ ತಂಗೀನ್ನ ಹೊರಳಿಸಬೇಕು. ನನಗ ಕೈ ಇಲ್ಲ."

ಆ ಹೆಂಗಸು ಹೊರೆಯ ಕೆಳಗಿನಿಂದ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಎಲ್ಲಿ ಮನಿ?"

"ಇಲ್ಲೇ, ಬೇವಿನ ಗಿಡದ ಹಿಂದ."

ಹೆಂಗಸು ಹೊರೆಯನ್ನು ರಸ್ತೆಯ ಬದಿಗೆ ಇಳಿಸಿ, ಸಿಂಬಿ ತೆಗೆದು ಅದರ ಮೇಲಿಟ್ಟು, ಹಿಂದೆ ಬಂದಳು. ಒಳಗೆ ಬಂದು ತಿಪ್ಪಕ್ಕನನ್ನು ಕಂಡು ಒಂದು ಕ್ಷಣ ಬಾಗಿಲಲ್ಲೇ ತಡೆದಳು.

"ಏನ್ ಮಾಡ್ಬೇಕು ಹೇಳು."

"ಕೈ ತೊಳಕೋ ಮೊದಲು. ಜಗ್ಗಬ್ಯಾಡ, ಚರ್ಮ ಕಿತ್ತು ಬರ್ತೈತಿ. ಒಂದು ಕೈ ಭುಜದ ಕೆಳಗ, ಒಂದು ಸೊಂಟದ ಕೆಳಗ. ನಾ ಹೂಂ ಅಂದಾಗ ಇಬ್ರೂ ಕೂಡೇ ಎತ್ತೋಣು."